ಫೈಬರ್ ಬೋಟಿನ ತಳದ ಹಳೆ ಡಾಂಬರು, ಬಣ್ಣ: ಸುಡಬೇಕೋ, ಹೆರೆಯಬೇಕೋ, ಹಾಗೇ ಬಿಡಬೇಕೋ?

ಓದುಗರ ಪ್ರಶ್ನೆ

"ನಮಸ್ಕಾರ ಸರ್. ನಮ್ಮೂರು ಕೊಪ್ಪಳ ತಾಲೂಕಿನ್ಯಾಗ, ತುಂಗಭದ್ರಾ ಹಿನ್ನೀರಿನ ದಂಡಿಗೆ ಐತಿ. ಮೀನು ಹಿಡಿಯೋದು ನಮ್ಮ ಕಸುಬು. 20 ಅಡಿ ಉದ್ದ, 5 ಅಡಿ ಅಗಲದ ಫೈಬರ್ ಬೋಟು 2012ರಾಗ ತಗೊಂಡಿದ್ವಿ. ಎರಡು ವರ್ಷ ಹಂಗ ಓಡಿಸಿದ್ವಿ. ಆಮ್ಯಾಲೆ ಕರಾವಳಿ ಕಡೆಯಿಂದ ಒಬ್ಬರು ತಂದುಕೊಟ್ಟ ಕೆಂಪು ಬಣ್ಣ ತಳಕ್ಕ ಹಚ್ಚಿದ್ವಿ. ಅದು ಹಕ್ಕಳೆ ಎದ್ದಾಗ ಅದರ ಮ್ಯಾಲೆ ಗೇಟಿಗೆ ಹಚ್ಚೋ ಎನಾಮಲ್ ಹೊಡದ್ವಿ. ಅದೂ ಬಿಡ್ತು. ಕಡೀಗೆ ಹರಗೋಲಿಗೆ ಬಳಿದಂಗ ಡಾಂಬರ ಕಾಸಿ ಬಳದ್ವಿ, ಎರಡು ಸಲ. ಈಗ ಬ್ಯಾಸಿಗಿಗೆ ನೀರು ಇಳಿದಾವು, ಬೋಟು ಮಗುಚಿ ಹಾಕೀವಿ. ಡಾಂಬರ ಬಿರುಕು ಬಿಟ್ಟೈತಿ, ಅದರ ಕೆಳಗ ಅಲ್ಲಲ್ಲಿ ಗುಳ್ಳಿ ಎದ್ದಾವು, ಒಂದೆರಡು ಒಡದರೆ ಹುಳಿ ವಾಸನಿ ನೀರು ಬಂತು. ನಮ್ಮ ಅಣ್ಣ ಗ್ಯಾಸ್ ಹಚ್ಚಿ ಸುಟ್ಟು ತಗಿ ಅಂತಾನ. ಪೇಂಟರ್ ಕಾಸ್ಟಿಕ್ ಸೋಡಾ ಹಾಕು ಅಂತಾನ. ವೆಲ್ಡಿಂಗ್ ಶಾಪಿನವರು ಗ್ರೈಂಡರ್ ಹಿಡದರೆ ಅರ್ಧ ದಿನದ ಕೆಲಸ ಅಂತಾರ. ಯಾವುದು ಖರೆ? ಬೋಟು ಒಳಗ ಕೊಳತೈತೇನು? ಹೊಸದಾಗಿ ಏನು ಬಳೀಬೇಕು? ನಮ್ಮ ಸಂಘದ್ದು ಒಂದು ಹಳೆ ಕಬ್ಬಿಣದ ಬೋಟೂ ಐತಿ, ಅದಕ್ಕೂ ಇದ ರೀತಿ ಮಾಡಬಹುದಾ?"

ತಜ್ಞರ ಉತ್ತರ

ಮೂವರು ಹೇಳಿದ ಮೂರೂ ಉಪಾಯಗಳು ಕಬ್ಬಿಣಕ್ಕೆ, ಅದೂ ಕೆಲವೊಮ್ಮೆ, ನಡೆಯುತ್ತವೆ. ಫೈಬರಿಗೆ ಮೂರೂ ಬೇಡ. ಯಾಕೆ ಎಂದು ಹೇಳುವ ಮೊದಲು ಬೋಟಿನ ಮೈಯಲ್ಲಿ ಏನೇನಿದೆ ಎಂದು ನೋಡೋಣ. ಯಾವ ಪದರ ಕಿತ್ತು ಬರಬೇಕು, ಯಾವುದು ಯಾವ ಕಾರಣಕ್ಕೂ ಕೀಳಬಾರದು ಎಂಬುದು ಗೊತ್ತಾದರೆ ಉಳಿದ ಕೆಲಸ ಬರೀ ತಾಳ್ಮೆಯದು.

ಫೈಬರ್ ಬೋಟೆಂದರೆ ಗಾಜಿನ ನಾರಿನ ಮ್ಯಾಟು, ಅದನ್ನು ಹಿಡಿದಿಟ್ಟಿರುವ ಪಾಲಿಯೆಸ್ಟರ್ ರೆಸಿನ್. ಹೊರಮೈಗೆ ನುಣುಪಾಗಿ, ಹೊಳೆಯುತ್ತಾ ಇರುವುದು ಜೆಲ್‌ಕೋಟ್. ಇದು ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಅಷ್ಟೇ. ನೀರು ನಾರಿನೊಳಕ್ಕೆ ಇಳಿಯದಂತೆ ತಡೆಯುವುದು ಇದೊಂದೇ. ನೀವು ಹಚ್ಚಿದ ಕೆಂಪು ಬಣ್ಣ, ಎನಾಮಲ್, ಡಾಂಬರು ಎಲ್ಲವೂ ಇದರ ಮೇಲೆ ಕೂತಿವೆ. ಅವು ಮೂರೂ ಹೋದರೆ ನಷ್ಟವಿಲ್ಲ, ಜೆಲ್‌ಕೋಟ್ ಹೋದರೆ ಬೋಟಿನ ಆಯುಷ್ಯ ಹೋಯಿತು. ಈ ಕೆಲಸದ ಒಂದೊಂದು ತೀರ್ಮಾನವೂ ಆ ಅರ್ಧ ಮಿಲಿಮೀಟರನ್ನು ಉಳಿಸಿಕೊಳ್ಳುವುದಕ್ಕಾಗಿ.

ಮೊದಲ ಬಣ್ಣವೇ ಯಾಕೆ ಬಿಟ್ಟಿತು?

ಫೈಬರ್ ಬೋಟನ್ನು ಅಚ್ಚಿನಲ್ಲಿ ಎರಕ ಹೊಯ್ಯುವಾಗ ಅಂಟದಿರಲೆಂದು ಅಚ್ಚಿಗೆ ಮೇಣ ಹಚ್ಚುತ್ತಾರೆ. ಅದರ ಅಂಶ ಹೊಸ ಬೋಟಿನ ಮೈಮೇಲೆ ಉಳಿದಿರುತ್ತದೆ. ಅದನ್ನು ಒರೆಸಿ ತೆಗೆದು, ಎಮರಿ ಪೇಪರಿನಿಂದ ಹೊಳಪು ಮುರಿಯದೆ ಬಣ್ಣ ಬಳಿದರೆ ಎಷ್ಟು ದುಬಾರಿ ಬಣ್ಣವಾದರೂ ಹಿಡಿಯುವುದಿಲ್ಲ. ಹೀಗೆ ಬಳಿದ ಬಣ್ಣ ಒಂದೆರಡು ವರ್ಷದಲ್ಲಿ ಅಂಗೈಯಗಲದ ಹಕ್ಕಳೆಗಳಾಗಿ ಏಳುತ್ತದೆ. ಹಕ್ಕಳೆಯ ಹಿಂಬದಿ ಕನ್ನಡಿಯ ಹಾಗೆ ನುಣುಪಾಗಿದ್ದರೆ ಕಾರಣ ಇದೇ ಎಂದು ತಿಳಿಯಿರಿ. ಇದರಲ್ಲಿ ಒಂದು ಲಾಭವೂ ಇದೆ: ಹಿಡಿಯದ ಬಣ್ಣ ಸಲೀಸಾಗಿ ಬರುತ್ತದೆ.

ಎನಾಮಲ್ ಗೇಟಿಗೆ, ಕಿಟಕಿಗೆ ಮಾಡಿದ ಬಣ್ಣ. ಮಳೆಗೆ ನೆನೆದು ಒಣಗುವುದಕ್ಕೆ ಅದು ತಡೆದೀತು. ತಿಂಗಳುಗಟ್ಟಲೆ ನೀರಲ್ಲಿ ಮುಳುಗಿರುವುದಕ್ಕೆ ತಡೆಯುವುದಿಲ್ಲ. ಮೆತ್ತಗಾಗಿ ಗುಳ್ಳೆ ಏಳುತ್ತದೆ. ಇನ್ನು ಡಾಂಬರು. ಬಿಸಿಲಿಗೆ ಕರಗಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಅದರೊಳಗಿನ ಎಣ್ಣೆಯಂಶ ಕೆಳಗಿನ ಎನಾಮಲಿಗೆ ಇಳಿದು ಅದನ್ನೂ ಮೆತ್ತಗೆ ಮಾಡುತ್ತದೆ. ವರ್ಷ ಕಳೆದಂತೆ ಮೇಲ್ಮೈ ಮಾತ್ರ ಗಡುಸಾಗಿ ಮೊಸಳೆ ಚರ್ಮದಂತೆ ಬಿರಿಯುತ್ತದೆ. ಬಿರುಕಿನಲ್ಲಿ ನೀರು ನಿಂತು ಹೊರಗೆ ಬರಲಾರದೆ ಉಳಿಯುತ್ತದೆ. ತೂಕವನ್ನೂ ಲೆಕ್ಕ ಹಾಕಿ. ನಿಮ್ಮ ಬೋಟಿನ ನೀರಿನೊಳಗಿನ ಭಾಗ ಸುಮಾರು 85 ಚದರ ಅಡಿ, ಅಂದರೆ 8 ಚದರ ಮೀಟರ್. ಅದರ ಮೇಲೆ 3 ಮಿಲಿಮೀಟರ್ ಡಾಂಬರು ಕೂತಿದ್ದರೆ 24 ಲೀಟರಾಯಿತು, 25 ಕಿಲೋ ಆಸುಪಾಸು. ಎರಡು ಬುಟ್ಟಿ ಮೀನಿನ ಭಾರವನ್ನು ವರ್ಷವಿಡೀ ಸುಮ್ಮನೆ ಹೊತ್ತು ತಿರುಗಿದಂತಾಯಿತು.

ಹರಗೋಲಿಗೆ ಡಾಂಬರು ಸರಿ. ಅಲ್ಲಿ ಬಿದಿರಿನ ಹೆಣಿಗೆಗೆ ಸುತ್ತಿದ ಹಾಳೆಯ ಸಂದಿಗಳನ್ನು ಮುಚ್ಚುವುದು ಅದರ ಕೆಲಸ, ಹಾಳೆ ಹರಿದರೆ ಹಾಳೆಯನ್ನೇ ಬದಲಿಸುತ್ತೀರಿ. ಫೈಬರಿನಲ್ಲಿ ಮುಚ್ಚಲು ಸಂದಿಯೇ ಇಲ್ಲ.

ಕರಾವಳಿಯ ಕೆಂಪು ಬಣ್ಣದ ಬಗ್ಗೆ ಇನ್ನೊಂದು ಮಾತು. ಸಮುದ್ರದಲ್ಲಿ ಚಿಪ್ಪುಜೀವಿಗಳು ಬೋಟಿನ ತಳಕ್ಕೆ ಕಚ್ಚಿಕೊಂಡು ಕಲ್ಲಿನಂತೆ ಗಟ್ಟಿಯಾಗುತ್ತವೆ. ಅವನ್ನು ತಡೆಯಲು ಅಲ್ಲಿ ತಾಮ್ರ ಬೆರೆಸಿದ ಬಣ್ಣ ಬಳಿಯುತ್ತಾರೆ. ಡ್ಯಾಮಿನ ಸಿಹಿನೀರಲ್ಲಿ ಆ ಜೀವಿಗಳಿಲ್ಲ, ಕಟ್ಟುವುದು ಪಾಚಿ ಮಾತ್ರ. ಅದು ಗಡುಸು ಬ್ರಷ್ಷಿಗೆ ಹೋಗುತ್ತದೆ. ಅಂದರೆ ಆ ಬಣ್ಣ ಇಲ್ಲಿ ಬೇಕಿರಲಿಲ್ಲ. ಈಗ ಕೀಳುವಾಗ ಅದೇ ತಾಮ್ರ ಧೂಳಾಗಿ ಏಳುತ್ತದೆ. ಮೀನಿಗೆ ತಾಮ್ರ ವಿಷ. ಕುರಿಗೂ ತೀರಾ ಕೆಟ್ಟದು: ಸಾಕುಪ್ರಾಣಿಗಳಲ್ಲಿ ತಾಮ್ರವನ್ನು ಎಲ್ಲಕ್ಕಿಂತ ಕಡಿಮೆ ತಾಳುವುದು ಕುರಿಯೇ. ಹಿನ್ನೀರು ಇಳಿದಲ್ಲಿ ಹುಲ್ಲು ಚಿಗುರುತ್ತಲೇ ಕುರಿಹಿಂಡು ಇಳಿಯುವ ಜಾಗದಲ್ಲಿ ನಿಮ್ಮ ಬೋಟು ಮಗುಚಿಕೊಂಡಿದೆ ಎಂಬುದನ್ನು ನೆನಪಿಡಿ.

ಗ್ಯಾಸು, ಕಾಸ್ಟಿಕ್, ಗ್ರೈಂಡರ್

ಪಾಲಿಯೆಸ್ಟರ್ ರೆಸಿನ್ 60–80 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಬಿಗಿ ಕಳೆದುಕೊಳ್ಳತೊಡಗುತ್ತದೆ. ಗ್ಯಾಸ್ ಬರ್ನರಿನ ಜ್ವಾಲೆ ಸಾವಿರ ಡಿಗ್ರಿ ದಾಟುತ್ತದೆ. ಡಾಂಬರು ಕರಗಿ ತೊಟ್ಟಿಕ್ಕುವಷ್ಟರಲ್ಲಿ ಕೆಳಗಿನ ಜೆಲ್‌ಕೋಟ್ ಬಿರಿದಿರುತ್ತದೆ, ರೆಸಿನ್ ಕರಕಲಾಗಿ ನಾರು ಬಿಡಿಬಿಡಿಯಾಗಿರುತ್ತದೆ. ಹೊರಗಿನಿಂದ ಗೊತ್ತಾಗುವುದೇ ಇಲ್ಲ. ನಾಣ್ಯದಿಂದ ತಟ್ಟಿದರೆ ಗಟ್ಟಿ ಜಾಗ ಠಣ್ ಎನ್ನುತ್ತದೆ, ಸುಟ್ಟ ಜಾಗ ಡಬ್ ಎನ್ನುತ್ತದೆ. ಇದರ ಮೇಲೆ ಬೆಂಕಿಯ ಅಪಾಯ ಬೇರೆ. ಡಾಂಬರು ಹೊತ್ತಿಕೊಳ್ಳುತ್ತದೆ, ರೆಸಿನ್ನೂ ಹೊತ್ತಿಕೊಳ್ಳುತ್ತದೆ, ಬೋಟು ಮುಳುಗದಿರಲೆಂದು ಒಳಗಿನ ಡಬ್ಬಿಗಳಲ್ಲಿ ತುಂಬಿದ ಥರ್ಮಾಕೋಲ್ ಅಥವಾ ಫೋಮ್ ಹೊತ್ತಿಕೊಂಡರೆ ಆರಿಸಲಿಕ್ಕೇ ಆಗುವುದಿಲ್ಲ. ಅಣ್ಣನವರಿಗೆ ಇಷ್ಟು ಹೇಳಿದರೆ ಸಾಕು.

ಕಾಸ್ಟಿಕ್ ಸೋಡಾ ಎನಾಮಲನ್ನು ಸಾಬೂನಿನಂತೆ ಮಾಡಿ ಬಿಡಿಸುತ್ತದೆ, ಪೇಂಟರ್ ಹೇಳಿದ್ದು ಸುಳ್ಳಲ್ಲ. ಆದರೆ ಪಾಲಿಯೆಸ್ಟರ್ ರೆಸಿನ್ನನ್ನೂ ಅದೇ ಬಗೆಯಲ್ಲಿ ತಿನ್ನುತ್ತದೆ. ಡಾಂಬರಿನ ಮೇಲೆ ಮಾತ್ರ ಅದರ ಆಟ ನಡೆಯುವುದಿಲ್ಲ. ನಿಮ್ಮ ಬೋಟಿಗೆ ಮೇಲ್ಪದರವೇ ಡಾಂಬರು, ಹಾಗಾಗಿ ಬೇಕಾದ್ದಕ್ಕೆ ಕೆಲಸ ಮಾಡದೆ ಬೇಡವಾದ್ದನ್ನು ತಿಂದಂತಾಗುತ್ತದೆ. ಅಲ್ಯೂಮಿನಿಯಂ ಪಟ್ಟಿ, ರಿವಿಟ್ ಇದ್ದರೆ ಅವಕ್ಕೆ ತಾಗಿ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ಕಣ್ಣಿಗೆ ಒಂದು ಹನಿ ಸಿಡಿದರೂ ದೃಷ್ಟಿ ಹೋಗಬಹುದು.

ಗ್ರೈಂಡರಿನವರ ಅರ್ಧ ದಿನದ ಲೆಕ್ಕ ಸರಿಯೇ. ಡಿಸ್ಕು ಮೊದಲ ಹತ್ತು ನಿಮಿಷ ಡಾಂಬರಿನಲ್ಲಿ ಸಿಕ್ಕಿಕೊಂಡು ಜಿಗುಟಾಗುತ್ತದೆ, ಆಗ ಒತ್ತುತ್ತಾರೆ, ಡಾಂಬರು ಮುಗಿದ ಕ್ಷಣದಲ್ಲಿ ಅರ್ಧ ಮಿಲಿಮೀಟರ್ ಜೆಲ್‌ಕೋಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿರುತ್ತದೆ. ಗ್ರೈಂಡರ್ ಹಿಡಿದ ತಳವನ್ನು ಓರೆ ಬೆಳಕಿನಲ್ಲಿ ನೋಡಿದರೆ ಅರ್ಧಚಂದ್ರದ ಗುಳಿಗಳು ಸಾಲಾಗಿ ಕಾಣುತ್ತವೆ. ಅವನ್ನು ತುಂಬುವ ಖರ್ಚು ಉಳಿಸಿದ ಕೂಲಿಗಿಂತ ಹೆಚ್ಚು.

ನೀವು ಕೇಳದ ಒಂದನ್ನೂ ಸೇರಿಸುತ್ತೇನೆ, ಯಾಕೆಂದರೆ ಮುಂದೆ ಯಾರಾದರೂ ಹೇಳಿಯೇ ಹೇಳುತ್ತಾರೆ: ಅಂಗಡಿಯ ಪೇಂಟ್ ರಿಮೂವರ್. ಡಬ್ಬದ ಮೇಲೆ ಮಿಥಿಲೀನ್ ಕ್ಲೋರೈಡ್ ಅಥವಾ ಡೈಕ್ಲೋರೋಮೀಥೇನ್ ಎಂದಿದ್ದರೆ ಫೈಬರಿಗೆ ಮುಟ್ಟಿಸಬೇಡಿ. ಅದು ಜೆಲ್‌ಕೋಟನ್ನೂ ಮೆತ್ತಗೆ ಮಾಡುತ್ತದೆ. ಅದರ ಆವಿ ಉಸಿರಿಗೆ ಹೋದರೆ ದೇಹದೊಳಗೆ ಕಾರ್ಬನ್ ಮಾನಾಕ್ಸೈಡಾಗಿ ಮಾರ್ಪಡುತ್ತದೆ, ಮುಚ್ಚಿದ ಶೆಡ್ಡಿನಲ್ಲಿ ಪ್ರಾಣಕ್ಕೇ ಕುತ್ತು. ಫೈಬರಿಗೆಂದೇ ಬರೆದಿರುವ, ಬೆಂಜೈಲ್ ಆಲ್ಕೋಹಾಲ್ ಬಗೆಯ ರಿಮೂವರ್ ಬೇರೆ. ಅದರ ಬಳಕೆ ಮುಂದೆ ಬರುತ್ತದೆ.

ಮೊದಲು ಪರೀಕ್ಷೆ

ನಾಲ್ಕು ಕಡೆ ಅಂಗೈಯಗಲ ಜಾಗ ಆರಿಸಿ: ಮೂತಿ, ತಳದ ನಡು, ನೀರಿನ ಗೆರೆ, ಇಂಜಿನ್ ಕೂರುವ ಹಿಂಬದಿ ಹಲಗೆ. ಡಾಂಬರನ್ನು ಡೀಸೆಲ್ ಅದ್ದಿದ ಅರಿವೆಯಿಂದ ಒರೆಸಿ. ಕಂದುಗಪ್ಪಾಗಿ ಕರಗಿ ಬಂದರೆ ಅದು ರಸ್ತೆಯ ಡಾಂಬರು, ಅಂದರೆ ಬಿಟುಮೆನ್. ಸರಿಯಾಗಿ ಕರಗದೆ ನುಸಿಗುಳಿಗೆಯ ವಾಸನೆ ಹೊಡೆದರೆ ಕಲ್ಲಿದ್ದಲಿನ ಟಾರು. ಎರಡನೆಯದು ಕ್ಯಾನ್ಸರ್‌ಕಾರಕ, ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಸುಟ್ಟಂತೆ ಉರಿಯುತ್ತದೆ. ಅದಾಗಿದ್ದರೆ ಉದ್ದ ತೋಳಿನ ಅಂಗಿ, ಗ್ಲೌಸು ಇಲ್ಲದೆ ಕೈ ಹಾಕಬೇಡಿ, ಕೆಲಸವನ್ನು ನೆರಳಲ್ಲೇ ಮಾಡಿ.

ಡಾಂಬರು ಹೋದ ಜಾಗದಲ್ಲಿ 120 ನಂಬರಿನ ವಾಟರ್ ಪೇಪರನ್ನು ನೀರು ಹಾಕಿ ವೃತ್ತಾಕಾರವಾಗಿ ಉಜ್ಜಿ, ನಡುವೆ ಆಳ, ಅಂಚಿಗೆ ತೆಳು ಬರುವಂತೆ. ಒಂದರೊಳಗೊಂದು ಉಂಗುರವಾಗಿ ಬಣ್ಣಗಳೆಲ್ಲ ಕಾಣುತ್ತವೆ: ಎನಾಮಲ್, ಕೆಂಪು, ಕೊನೆಗೆ ಜೆಲ್‌ಕೋಟಿನ ಮೂಲ ಬಣ್ಣ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ಎಲ್ಲಿ ನಿಲ್ಲಬೇಕೆಂಬುದಕ್ಕೆ ಅದೇ ನಕ್ಷೆ. ಎನ್‌ಸಿ ಥಿನ್ನರ್ ಅದ್ದಿದ ಅರಿವೆಯನ್ನು ಒಂದು ನಿಮಿಷ ಒತ್ತಿ ಹಿಡಿದರೆ ಎನಾಮಲ್ ಸುಕ್ಕುಗಟ್ಟುತ್ತದೆ, ಎರಡು ಡಬ್ಬ ಬೆರೆಸಿ ಹಚ್ಚುವ ಎಪಾಕ್ಸಿ ಜಗ್ಗುವುದಿಲ್ಲ. ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯಬೇಡಿ.

ಮಿಕ್ಕ ಬಣ್ಣ ಎಷ್ಟು ಗಟ್ಟಿ ಎನ್ನುವುದಕ್ಕೆ ಬ್ಲೇಡಿನಿಂದ ಗುಣಿಸು ಗುರುತು ಕೊರೆದು, ಅದರ ಮೇಲೆ ಗಟ್ಟಿ ಅಂಟಿನ ಟೇಪು ಒತ್ತಿ, ಸರ್‍ರನೆ ಎಳೆಯಿರಿ. ಟೇಪಿಗೆ ಬಣ್ಣ ಬಂದರೆ ಆ ಪದರ ಹೋಗಲೇಬೇಕು. ಬಾರದಿದ್ದರೆ ಹೊಳಪು ಮುರಿದು ಬಿಟ್ಟರೆ ಸಾಕು. "ಪೂರ್ತಿ ಕಿತ್ತರೇ ಕೆಲಸ ಚೊಕ್ಕ" ಎನ್ನುವುದು ಬೋಟಿನ ಮಟ್ಟಿಗೆ ದುಬಾರಿ ನಂಬಿಕೆ; ಕಚ್ಚಿ ಹಿಡಿದ ಬಣ್ಣವನ್ನು ಕೀಳುವಾಗಲೇ ಜೆಲ್‌ಕೋಟಿಗೆ ಗಾಯವಾಗುವುದು. ಡಾಂಬರಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅದರ ಮೇಲೆ ಯಾವುದೂ ಹಿಡಿಯುವುದಿಲ್ಲ, ಒಂದು ಚುಕ್ಕೆಯೂ ಉಳಿಯಬಾರದು.

ಥಿನ್ನರ್, ಡೀಸೆಲ್ ಹಚ್ಚುವ ಮೊದಲು ಥರ್ಮಾಕೋಲ್ ಇರುವ ಡಬ್ಬಿಗಳಿಗೆ ಬಿರುಕು, ತೂತು ಇದೆಯೇ ನೋಡಿ ಟೇಪು ಹಚ್ಚಿ ಮುಚ್ಚಿ. ಥಿನ್ನರ್, ಪೆಟ್ರೋಲ್ ಥರ್ಮಾಕೋಲನ್ನು ನಿಮಿಷಗಳಲ್ಲಿ ಕರಗಿಸಿಬಿಡುತ್ತವೆ. ಹೊರಗಿನಿಂದ ಬೋಟು ಹೊಸದರಂತೆ ಕಾಣುತ್ತದೆ, ನೀರು ತುಂಬಿದ ದಿನ ಮುಳುಗುತ್ತದೆ.

ಡಾಂಬರು ತೆಗೆಯುವ ಬಗೆ

ನಮ್ಮ ಕಡೆಯ ಬಿಸಿಲಲ್ಲಿ ಡಾಂಬರು ಮೆತ್ತಗಾಗುತ್ತದಲ್ಲ, ಮಧ್ಯಾಹ್ನವೇ ಹೆರೆದರೆ ಸುಲಭ ಎಂದು ತೋರುತ್ತದೆ. ಉಲ್ಟಾ. ಮೆತ್ತಗಾದ ಡಾಂಬರು ಬರುವುದಿಲ್ಲ, ಹರಡುತ್ತದೆ. ಹೆರೆದಷ್ಟೂ ಜೆಲ್‌ಕೋಟಿನ ಸಣ್ಣ ರಂಧ್ರಗಳಿಗೆ ತುಂಬಿಕೊಳ್ಳುತ್ತದೆ. ತಂಪಾದಾಗ ಮಾತ್ರ ಅದು ಗಾಜಿನಂತೆ ಒಡೆಯುತ್ತದೆ.

ಆದ್ದರಿಂದ ಬೋಟಿನ ಮೇಲೆ ಹಿಂದಿನ ದಿನವೇ ನೆರಳಿನ ಪರದೆ ಕಟ್ಟಿ, ಕೆಳಗೆ ಎರಡು ಪದರ ತಾಡಪತ್ರಿ ಹಾಸಿ, ಬೆಳಗಿನ ಐದೂವರೆಗೆ ಶುರು ಮಾಡಿ. ಮೀನಿಗೆ ತರಿಸುವ ಐಸ್ ಗಡ್ಡೆ ಇಲ್ಲಿ ದೊಡ್ಡ ಉಪಕಾರಿ. ಒಂದು ಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ ಒಂದೂವರೆ ಅಡಿ ಚೌಕದ ಜಾಗಕ್ಕೆ ಮೂರು–ನಾಲ್ಕು ನಿಮಿಷ ಒತ್ತಿ ಹಿಡಿಯಿರಿ, ತೆಗೆದ ಕೂಡಲೇ ಹೆರೆಯಿರಿ. ಒಬ್ಬರು ಐಸ್ ಹಿಡಿದು ಮುಂದೆ ಸಾಗಬೇಕು, ಇನ್ನೊಬ್ಬರು ಹಿಂದೆಯೇ ಹೆರೆಯುತ್ತಾ ಬರಬೇಕು. ಹೆರೆಯಲು ಉಳಿ, ಮಚ್ಚು ಬೇಡ. ಎರಡು ಇಂಚಿನ ಕಾರ್ಬೈಡ್ ಸ್ಕ್ರೇಪರ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಗಟ್ಟಿ ಪುಟ್ಟಿ ಬ್ಲೇಡ್. ಯಾವುದೇ ಇರಲಿ, ಎರಡು ಮೂಲೆಗಳನ್ನು ಅರದಿಂದ ಉಜ್ಜಿ ದುಂಡು ಮಾಡಿಕೊಳ್ಳಿ. ಚೂಪು ಮೂಲೆಯೇ ಗೀರು ಹಾಕುವುದು. ಬ್ಲೇಡನ್ನು ತಗ್ಗಾಗಿ ಹಿಡಿದು ನಿಮ್ಮತ್ತ ಎಳೆಯಿರಿ, ಕುಟ್ಟಬೇಡಿ. ಎಂಟೂವರೆ–ಒಂಬತ್ತಕ್ಕೆ ನಿಲ್ಲಿಸಿ. ಇಬ್ಬರಿಗೆ ಎರಡರಿಂದ ಮೂರು ಬೆಳಗಿನ ಕೆಲಸ.

ಉಳಿದ ಕಪ್ಪು ಕಲೆಗೆ ಡೀಸೆಲ್ ಅಥವಾ ಚಿಮಣಿ ಎಣ್ಣೆ ಅದ್ದಿದ ಅರಿವೆ. ಐದು ಲೀಟರ್ ಸಾಕು. ಕಲೆಯ ಸುತ್ತಿನಿಂದ ಒಳಕ್ಕೆ ಒರೆಸಿ. ಒಳಗಿನಿಂದ ಹೊರಕ್ಕೆ ಒರೆಸಿದರೆ ಕಲೆ ದೊಡ್ಡದಾಗುತ್ತದೆ. ಅರಿವೆ ಕಪ್ಪಾದ ಕೂಡಲೇ ಬದಲಿಸಿ. ಡೀಸೆಲ್ ಸ್ವತಃ ಜಿಡ್ಡು, ಹಾಗಾಗಿ ಮೇಲೆ ಟರ್ಪಂಟೈನಿನಿಂದ ಇನ್ನೊಮ್ಮೆ ಒರೆಸಿ, ಬಟ್ಟೆ ತೊಳೆಯುವ ಪುಡಿ ಹಾಕಿದ ನೀರಿನಿಂದ ಎರಡು ಸಲ ಉಜ್ಜಿ, ಶುದ್ಧ ನೀರಿನಿಂದ ತೊಳೆಯಿರಿ. ಸರಿಯಾಯಿತೇ ಎಂದು ನೀರೇ ಹೇಳುತ್ತದೆ: ಚಿಮುಕಿಸಿದ ನೀರು ಒಂದೇ ಹಾಳೆಯಾಗಿ ಹರಡಿ ನಿಂತರೆ ಶುದ್ಧ, ಹನಿಹನಿಯಾಗಿ ಒಡೆದರೆ ಜಿಡ್ಡು ಉಳಿದಿದೆ. ಈ ಪರೀಕ್ಷೆ ಪಾಸಾಗುವ ಮೊದಲು ಎಮರಿ ಪೇಪರ್ ಮುಟ್ಟಬೇಡಿ. ಈ ಸಾಲನ್ನು ದಾಟಿ ಹೋಗುವವರೇ ಹೆಚ್ಚು. ಹೊಸ ಬಣ್ಣ ಆರು ತಿಂಗಳಲ್ಲಿ ಎದ್ದರೆ ಮೊದಲು ಶಂಕಿಸಬೇಕಾದ್ದು ಇದನ್ನೇ. ಡೀಸೆಲ್, ಟರ್ಪಂಟೈನ್ ಹಚ್ಚುವ ಹೊತ್ತಿನಲ್ಲಿ ಬೀಡಿ, ಒಲೆ ಹತ್ತಿರ ಇರಬಾರದೆಂದು ಬೇರೆ ಹೇಳಬೇಕಿಲ್ಲ.

ಎನಾಮಲ್, ಕೆಂಪು ಬಣ್ಣ

ನಿಮ್ಮ ವಿವರ ನೋಡಿದರೆ ಮುಕ್ಕಾಲು ಪಾಲು ಬಣ್ಣ ಅದೇ ಸ್ಕ್ರೇಪರಿಗೆ ಬರಬೇಕು. ಗಂಟೆಗೆ ಒಂದು ಚದರ ಮೀಟರ್ ಎಂದು ಲೆಕ್ಕ ಇಟ್ಟುಕೊಳ್ಳಿ. ಕೆಂಪು ಪದರಕ್ಕೆ ಬಂದಾಗ ಒಣಗಿದಲ್ಲಿ ಕೆರೆಯಬೇಡಿ, ನೀರು ಚಿಮುಕಿಸುತ್ತಾ ಇರಿ. ತಾಮ್ರದ ಧೂಳು ಗಾಳಿಗೆ ಏಳಬಾರದು. ಮೂಗಿಗೆ ಟವೆಲ್ ಕಟ್ಟಿದರೆ ಸಮಾಧಾನವೊಂದೇ ಸಿಗುವುದು; ಧೂಳಿಗೆ ಎನ್95 ಮಾಸ್ಕ್ ಬೇಕು. ಥಿನ್ನರ್, ರಿಮೂವರಿನ ಆವಿಗೆ ಎನ್95 ಕೂಡ ಸಾಲದು, ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಆಗಬೇಕು. ಹಳೆ ಎನಾಮಲಿನಲ್ಲಿ ಸೀಸ ಇದ್ದಿರಲೂಬಹುದು. ಮನೆ ಬಣ್ಣಗಳಲ್ಲಿ ಸೀಸವನ್ನು 90 ಪಿಪಿಎಂಗೆ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲಿಗೆ) ಮಿತಿಗೊಳಿಸಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ, ನಿಮ್ಮ ಡಬ್ಬ ಅದಕ್ಕಿಂತ ಹಳೆಯದಿದ್ದೀತು. ಇದೆ ಎಂದುಕೊಂಡೇ ಕೆಲಸ ಮಾಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ, ಕೈ ತೊಳೆಯದೆ ಎಲೆ-ಅಡಿಕೆಯನ್ನೂ ಬಾಯಿಗೆ ಹಾಕಬೇಡಿ.

ಮೊಂಡು ಹಿಡಿದ ಜಾಗಕ್ಕೆ ಮಾತ್ರ ಫೈಬರಿನ ರಿಮೂವರ್. ಒಂದು ಲೀಟರ್ ಹೆಚ್ಚುಕಡಿಮೆ ಮೂರು ಚದರ ಮೀಟರಿಗೆ ಬರುತ್ತದೆ. ಒಮ್ಮೆಗೆ ಒಂದು ಚದರ ಮೀಟರ್ ಹಚ್ಚಿ, ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ. 40 ಡಿಗ್ರಿ ಸೆಕೆಯಲ್ಲಿ ಮುಚ್ಚದಿದ್ದರೆ ಹತ್ತೇ ನಿಮಿಷದಲ್ಲಿ ಒಣಗಿ, ತೆಗೆಯಬೇಕಾದ ಇನ್ನೊಂದು ಪದರವಾಗುತ್ತದೆ. ಅರ್ಧ ಗಂಟೆಗೊಮ್ಮೆ ಮೂಲೆ ಎತ್ತಿ ನೋಡಿ. ಬಣ್ಣ ಸುಕ್ಕಾದ ಕೂಡಲೇ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ತೆಗೆದು ತೊಳೆಯಿರಿ. ರಾತ್ರಿಯಿಡೀ ಬಿಡುವುದು ಬೇಡ, ಡಬ್ಬ ಏನೇ ಹೇಳಲಿ.

ಕೊನೆಗೆ 80 ನಂಬರ್, ಆಮೇಲೆ 120 ನಂಬರ್ ವಾಟರ್ ಪೇಪರ್, ಮರದ ತುಂಡಿಗೆ ಸುತ್ತಿ, ನೀರು ಹಾಕಿಕೊಂಡು. ಬೆರಳಿನಿಂದ ಒತ್ತಿ ಉಜ್ಜಿದರೆ ಬೆರಳಿನಗಲದ ತೋಡು ಬೀಳುತ್ತದೆ. ಜೆಲ್‌ಕೋಟಿನ ಬಣ್ಣ ಮಸುಕಾಗಿ, ಅದರಡಿ ನಾರಿನ ಹೆಣಿಗೆ ನೆರಳಿನಂತೆ ಕಂಡರೆ ನಿಲ್ಲಿಸಿ.

ಗುಳ್ಳೆ

ನಿಮಗಿದು ಎಲ್ಲಕ್ಕಿಂತ ಮುಖ್ಯ. ಗುಳ್ಳೆಯಲ್ಲಿ ಎರಡು ಜಾತಿ. ಬಣ್ಣದ ಪದರಗಳ ನಡುವೆ ಎದ್ದದ್ದರಿಂದ ಬರಿಯ ನೀರು ಬರುತ್ತದೆ, ಬಣ್ಣದ ಜೊತೆಗೇ ಹೋಗುತ್ತದೆ. ಜೆಲ್‌ಕೋಟಿನ ಅಡಿಯಲ್ಲಿ ಎದ್ದದ್ದರಿಂದ ಅಂಟಂಟಾದ, ಹುಳಿ ವಾಸನೆಯ ದ್ರವ ಬರುತ್ತದೆ. ನೀವು ಬರೆದದ್ದು ಎರಡನೆಯದನ್ನು. ನೀರು ನಿಧಾನಕ್ಕೆ ಜೆಲ್‌ಕೋಟನ್ನು ದಾಟಿ ಒಳಹೊಕ್ಕು, ರೆಸಿನ್ನಿನಲ್ಲಿ ಸರಿಯಾಗಿ ಗಟ್ಟಿಯಾಗದೆ ಉಳಿದ ಅಂಶಗಳನ್ನು ಕರಗಿಸಿ ಆಮ್ಲವಾಗುತ್ತದೆ. ಆ ಗಾಢ ದ್ರವ ಹೊರಗಿನ ನೀರನ್ನು ಮತ್ತೆ ಒಳಕ್ಕೆ ಎಳೆಯುತ್ತದೆ, ಒತ್ತಡ ಏರಿ ಗುಳ್ಳೆ ಉಬ್ಬುತ್ತದೆ. ಉಪ್ಪುನೀರಿಗಿಂತ ಸಿಹಿನೀರಲ್ಲಿ, ತಂಪು ನೀರಿಗಿಂತ ಬೆಚ್ಚಗಿನ ನೀರಲ್ಲಿ ಇದು ಜೋರು. ಸಮುದ್ರದ ಬೋಟಿಗಿಂತ ಡ್ಯಾಮಿನ ಬೋಟಿಗೆ ಗುಳ್ಳೆ ಹೆಚ್ಚೆಂದರೆ ಜನ ನಂಬುವುದಿಲ್ಲ, ಆದರೆ ಕಾರಣ ಇದೇ.

ಕೊಳೆತಿದೆಯೇ? ನಾಣ್ಯದಿಂದ ತಟ್ಟಿ ನೋಡಿ. ಗುಳ್ಳೆಯ ಸುತ್ತ ಠಣ್ ಎಂದರೆ ರೋಗ ಚರ್ಮದಲ್ಲಷ್ಟೇ ಇದೆ. 25–30 ಗುಳ್ಳೆ, ಒಂದೊಂದೂ ಒಂದು ರೂಪಾಯಿ ನಾಣ್ಯದಷ್ಟು ಇದ್ದರೆ ನೀವೇ ಸರಿಪಡಿಸಬಹುದು. ಅಂಗೈಯಗಲಕ್ಕಿಂತ ದೊಡ್ಡ ಜಾಗ ಡಬ್ ಎಂದರೆ, ಒತ್ತಿದಾಗ ತಳ ಒಳಗೆ ಜಗ್ಗಿದರೆ, ಮ್ಯಾಟಿನ ಪದರಗಳೇ ಬಿಟ್ಟಿವೆ. ಅದು ಫೈಬರ್ ಕೆಲಸದವರು ಕತ್ತರಿಸಿ ಹೊಸ ಮ್ಯಾಟು ಹಾಕುವ ಕೆಲಸ. ಅದೆಲ್ಲವೂ ಎಪಾಕ್ಸಿ ಹಚ್ಚುವ ಮೊದಲೇ ಮುಗಿಯಬೇಕು. ಪಾಲಿಯೆಸ್ಟರಿನ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಹಿಡಿಯುವುದಿಲ್ಲ.

ಗುಳ್ಳೆ ಒಡೆಯುವಾಗ ಕನ್ನಡಕ ಹಾಕಿಕೊಳ್ಳಿ. ಒಳಗೆ ಒತ್ತಡ ಇರುತ್ತದೆ, ಆಮ್ಲ ನೇರ ಕಣ್ಣಿಗೇ ಹಾರುತ್ತದೆ. ಒಡೆದ ಮೇಲೆ ಅಂಚನ್ನು ಗಟ್ಟಿ ಜೆಲ್‌ಕೋಟ್ ಸಿಗುವವರೆಗೆ ಬಟ್ಟಲಿನ ಆಕಾರದಲ್ಲಿ ಉಜ್ಜಿ. ನಂತರ ಶುದ್ಧ ನೀರಿನಿಂದ ತೊಳೆಯಿರಿ. ಒಂದು ಸಲವಲ್ಲ, ದಿನಕ್ಕೊಂದರಂತೆ ಐದಾರು ದಿನ. ಆಮ್ಲ ಒಳಗೆ ಉಳಿದರೆ ಹೊಸ ಪದರದ ಅಡಿಯಲ್ಲೇ ಮತ್ತೆ ಗುಳ್ಳೆ ಏಳುತ್ತದೆ. ಆಮೇಲೆ ಒಣಗಲು ಬಿಡಿ. ಕರಾವಳಿಯಲ್ಲಿ ಇದಕ್ಕೆ ತಿಂಗಳುಗಳೇ ಬೇಕು. ಕೊಪ್ಪಳ, ರಾಯಚೂರಿನ ಏಪ್ರಿಲ್ ಒಣಗಾಳಿಗೆ ಮೂರು–ನಾಲ್ಕು ವಾರ ಸಾಕಾಗುತ್ತದೆ. ಈ ಬಿಸಿಲಿನಿಂದ ಬೋಟಿಗೆ ಆಗುವ ಉಪಕಾರ ಇದೊಂದೇ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ಹಗಲು ಒಂದು ರಾತ್ರಿ ಬಿಡಿ. ಒಳಗೆ ಬೆವರಿನ ಹನಿ ಕಂಡರೆ ಇನ್ನೂ ಒಂದು ವಾರ ಕಾಯಿರಿ.

ಮತ್ತೆ ಏನು ಬಳಿಯಬೇಕು?

ಗುಳಿ ತುಂಬಲು ಕಾರಿನ ಗ್ಯಾರೇಜಿನ ಪುಟ್ಟಿ ಬೇಡ, ಅದು ನೀರು ಹೀರುತ್ತದೆ. ಎಪಾಕ್ಸಿ ಪುಟ್ಟಿಯೇ ಆಗಬೇಕು. ಅದರ ಮೇಲೆ ನೀರಿನ ಗೆರೆಗಿಂತ ನಾಲ್ಕು ಇಂಚು ಮೇಲಿನವರೆಗೆ ಎಪಾಕ್ಸಿ ಲೇಪ, ಒಣಗಿದ ಮೇಲೆ ಒಟ್ಟು 300 ಮೈಕ್ರಾನ್ (0.3 ಮಿಲಿಮೀಟರ್) ದಪ್ಪ. ಲೆಕ್ಕ ಸುಲಭ: ಥಿನ್ನರ್ ಇಲ್ಲದ ಎಪಾಕ್ಸಿ ಒಂದು ಲೀಟರ್ 10 ಚದರ ಮೀಟರಿಗೆ 100 ಮೈಕ್ರಾನ್ ಕೊಡುತ್ತದೆ. 8 ಚದರ ಮೀಟರಿಗೆ 300 ಮೈಕ್ರಾನೆಂದರೆ 2.4 ಲೀಟರ್; ರೋಲರಿಗೆ ಅಂಟಿ ಹೋಗುವುದು ಸೇರಿ 3 ಲೀಟರ್ ತನ್ನಿ. ಡಬ್ಬದ ಮೇಲೆ ಘನಾಂಶ 60 ಶೇಕಡಾ ಎಂದಿದ್ದರೆ 5 ಲೀಟರ್ ಬೇಕಾಗುತ್ತದೆ. ಅಗ್ಗದ ಡಬ್ಬ ಕೊಳ್ಳುವ ಮೊದಲು ಈ ಅಂಕಿ ನೋಡಿ, ಬಹಳ ಸಲ ಅಗ್ಗದ್ದೇ ತುಟ್ಟಿಯಾಗುತ್ತದೆ.

ಇಲ್ಲಿ ಕೆಡುವುದು ಸೆಕೆಯಿಂದ. ಬೆರೆಸಿದ ಎಪಾಕ್ಸಿ 25 ಡಿಗ್ರಿಯಲ್ಲಿ 40 ನಿಮಿಷ ತಡೆದರೆ 35 ಡಿಗ್ರಿಯಲ್ಲಿ 20 ನಿಮಿಷ, 45ರಲ್ಲಿ ಹತ್ತೇ ನಿಮಿಷ. ಡಬ್ಬದ ತುಂಬ ಬೆರೆಸಿದರೆ ತನ್ನದೇ ಶಾಖಕ್ಕೆ ಹೊಗೆಯಾಡಿ ಕಲ್ಲಾಗುತ್ತದೆ. 200–250 ಗ್ರಾಮಿನಂತೆ ಅಗಲ ಬಾಯಿಯ ತಟ್ಟೆಯಲ್ಲಿ ಬೆರೆಸಿ. ಎಪಾಕ್ಸಿಯನ್ನು ಗಟ್ಟಿ ಮಾಡುವ ಎರಡನೇ ಡಬ್ಬದ ಹಾರ್ಡನರ್ ಕಣ್ಣಳತೆಗೆ ಬೇಡ, ಅಡುಗೆ ಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಯಾವತ್ತೂ ಪೂರ್ತಿ ಗಟ್ಟಿಯಾಗುವುದಿಲ್ಲ. ಸಂಜೆ ಐದರ ಮೇಲೆ, ಮೈ ಮುಟ್ಟಿದರೆ ಸುಡದಿದ್ದಾಗ ಹಚ್ಚಿ. ಮರುದಿನ ಮೇಲ್ಮೈ ಸಾಬೂನು ಸವರಿದಂತೆ ಜಾರಿದರೆ ನೀರು, ಸ್ಕ್ರಬ್ಬರಿನಿಂದ ತೊಳೆದು ಮುಂದಿನ ಲೇಪ ಹಚ್ಚಿ. ಎಪಾಕ್ಸಿ ಬಿಸಿಲಿಗೆ ಸುಣ್ಣದಂತಾಗುತ್ತದೆ, ಹಾಗಾಗಿ ಕೊನೆಗೆ ಎರಡು ಕೋಟು ಪಾಲಿಯುರೇಥೇನ್ ಬಣ್ಣ, ಬಿಳಿ ಅಥವಾ ತಿಳಿ ಬಣ್ಣದ್ದು. ಕಪ್ಪು ಬೇಡ. ನೀರಿಗೆ ಇಳಿಸುವ ಮುನ್ನ ಏಳು ದಿನ ಬಿಡಿ.

ಹೆರೆದ ಕಸದ ವಿಷಯ. ಈಗ ಒಣಗಿರುವ ನಿಮ್ಮ ದಂಡೆ 1633 ಅಡಿಯ ಪೂರ್ಣ ಮಟ್ಟಕ್ಕಿಂತ ಕೆಳಗಿದ್ದರೆ ಮಳೆಗಾಲದಲ್ಲಿ ಅದು ಡ್ಯಾಮಿನೊಳಗೇ. ಅಲ್ಲಿ ಬಿದ್ದ ಸೀಸ, ತಾಮ್ರ, ಟಾರು ಎಡದಂಡೆ ಕಾಲುವೆಯಲ್ಲಿ ಗಂಗಾವತಿ, ಸಿಂಧನೂರಿನತ್ತ, ಬಲದಂಡೆಯಲ್ಲಿ ಬಳ್ಳಾರಿಯತ್ತ ಹೋಗುವ ನೀರಿಗೇ ಸೇರುತ್ತದೆ. ಸಾಧ್ಯವಾದರೆ ಬೋಟನ್ನು ಟ್ರ್ಯಾಕ್ಟರಿನ ಮೇಲೆ ಊರೊಳಗಿನ ಎತ್ತರದ ಜಾಗಕ್ಕೆ ತಂದೇ ಕೆಲಸ ಮಾಡಿ. ತಾಡಪತ್ರಿಯ ಮೇಲಿನ ಚೂರನ್ನೆಲ್ಲ ಮುಚ್ಚಳವಿರುವ ತಗಡಿನ ಡಬ್ಬಕ್ಕೆ ತುಂಬಿ. ಸುಡಬೇಡಿ, ತಿಪ್ಪೆಗೆ ಹಾಕಬೇಡಿ. ಅಪಾಯಕಾರಿ ತ್ಯಾಜ್ಯ ಒಯ್ಯಲು ಅನುಮತಿ ಇರುವವರಿಗೇ ಕೊಡಬೇಕು. ಯಾರೆಂದು ಜಿಲ್ಲೆಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಯಲ್ಲಿ ಕೇಳಿ.

ಸಂಘದ ಕಬ್ಬಿಣದ ಬೋಟು

ಅಲ್ಲಿ ಜೆಲ್‌ಕೋಟಿನ ಭಯವಿಲ್ಲ, ಬೇರೆ ಭಯಗಳಿವೆ. ಬಳ್ಳಾರಿ, ಹೊಸಪೇಟೆ ಕಡೆ ಉಕ್ಕಿನ ಕೆಲಸ ಮಾಡುವವರಲ್ಲಿ ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಲ್ಲಿ ಹರಳು ಹೊಡೆದು ಮೈ ಕೆರೆಯುವ ಕೆಲಸ, ಸಿಗುತ್ತದೆ, ತುಕ್ಕು ಬಣ್ಣ ಎರಡನ್ನೂ ಒಂದೇ ಏಟಿಗೆ ತೆಗೆಯಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಹೊಳೆಮರಳಿನಿಂದ ಮಾಡಿಸಬೇಡಿ. ಆ ಧೂಳಿನ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ವಾಸಿಯಾಗದ ಸಿಲಿಕೋಸಿಸ್ ಬರುತ್ತದೆ. ಉಕ್ಕಿನ ಅಥವಾ ಸ್ಲ್ಯಾಗಿನ (ಲೋಹ ಕರಗಿಸುವಾಗ ಉಳಿಯುವ ಕಿಟ್ಟದ) ಗ್ರಿಟ್, ಅಂದರೆ ಹರಳು, ಕೇಳಿ. ಡಾಂಬರಿದ್ದರೆ ಅದನ್ನು ಮೊದಲು ಕೈಯಲ್ಲಿ ಹೆರೆದೇ ಕಳಿಸಬೇಕು, ಮೆತ್ತನೆಯ ಡಾಂಬರಿಗೆ ಹೊಡೆದ ಗ್ರಿಟ್ ಅದರಲ್ಲೇ ಹೂತುಕೊಳ್ಳುತ್ತದೆ. ಬ್ಲಾಸ್ಟಿಂಗ್ ಆದ ದಿನವೇ, ತುಕ್ಕಿನ ಛಾಯೆ ಬರುವ ಮೊದಲು, ಎಪಾಕ್ಸಿ ಪ್ರೈಮರ್ ಬೀಳಬೇಕು. ಸುತ್ತಿಗೆಯಿಂದ ಕುಟ್ಟಿ ತುಕ್ಕು ಉದುರಿಸುವ ಮೊದಲು ತಗಡು ಎಷ್ಟು ಉಳಿದಿದೆ ಎಂದು ಅಲ್ಟ್ರಾಸಾನಿಕ್ ಗೇಜಿನಿಂದ ಅಳೆಸಿ. 3 ಮಿಲಿಮೀಟರ್ ತಗಡು ಒಂದೂವರೆಗೆ ಬಂದಿರುವ ಕಡೆ ತೂತು ಮುಚ್ಚಿಕೊಂಡಿರುವುದು ಆ ತುಕ್ಕು ಮತ್ತು ಡಾಂಬರಿನಿಂದಲೇ ಇದ್ದೀತು. ಮತ್ತು ಮುಚ್ಚಿದ ಗಾಳಿ ಡಬ್ಬಿಗಳ ಹೊರಮೈಗೆ ಗ್ಯಾಸ್ ಅಥವಾ ವೆಲ್ಡಿಂಗ್ ಹಿಡಿಯುವ ಮೊದಲು ಅವುಗಳ ಬೋಲ್ಟು ಬಿಚ್ಚಿ, ಒಳಗೆ ಡೀಸೆಲ್, ಥಿನ್ನರ್ ಆವಿ ಇಲ್ಲದಂತೆ ನೀರು ತುಂಬಿಸಿ ಖಾಲಿ ಮಾಡಿಸಿ, ಕೆಲಸ ಮುಗಿಯುವವರೆಗೆ ಬಾಯಿ ತೆರೆದೇ ಇರಲಿ.